ಅರ್ಧಕ್ಕ ಬಿಟ್ಟ ಕುಲಾವಿ

ಸಿಂಡೆಲ್‌ಫಿಂಗೆನ್, ಜರ್ಮನಿ
ಮಂಗಳವಾರ, ೧೨ ನವೆಂಬರ್ ೨೦೦೨

ಅಂಬವ್ವತ್ತಿಗೆ ನಿನ್ನ ಮಧುಮತಿಯ ಶರಣು ಶರಣಾರ್ಥಿ.

ನಿನ್ನ ಪತ್ರ ಬಂದು ಹದಿನೆಂಟು ದಿನ ಆತು. ಉತ್ತರ ಇಲ್ಲಂತ ಬೈಕೋತ ಕುಂತಿರ್ತಿ. ಬೈ, ಅದು ನಿನ್ನ ಹಕ್ಕು. ಎರಡು ಸರ್ತಿ ಬರದು ಎರಡೂ ಸರ್ತಿ ಹರದು ಒಗದೆ. ನಿನ್ನ ಅಳಿಯ ಶೈಲೇಶ ಆರಾಮ ಅದಾರ. ಮುಂಜಾನೆ ಏಳಕ್ಕ ಕಾರ್ ಫ್ಯಾಕ್ಟರಿಗೆ ಹೋದ್ರ ಸಂಜಿ ಆರಕ್ಕ ಬರ್ತಾರ. ನನಗ ಏಳನೇ ತಿಂಗಳು ನಡದದ. ನೀ ಕಳಿಸಿದ ಅಗಸಿ ಚಟ್ನಿ ಮೊನ್ನೆನೇ ಮುಗೀತು. ಆದ್ರ ಅತ್ತಿ, ನನಗ ಭಾಳ ಅಂಜಿಕಿ ಆಗೇದ. ಫೋನಿನ್ಯಾಗ ಹೇಳೂಣಂದ್ರ ನಿಮ್ಮನಿ ಫೋನು ಪಡಸಾಲ್ಯಾಗ ಅದ, ಮಂದಿಯೆಲ್ಲಾ ಕಿವಿ ಇಟಗೊಂಡು ಕುಂದರ್ತಾರ. ಅದಕ್ಕ ಬರ್ಯಾಕತ್ತೀನಿ.

ನನ್ನ ವೀಸಾದಾಗ ಕೆಲಸ ಮಾಡೂ ಹಂಗಿಲ್ಲ ಅಂತ ನಿನಗ ಗೊತ್ತೇ ಅದ. ಮನ್ಯಾಗ ಕುಂತು ಕುಂತು ತಲಿ ಕೆಟ್ಟು, ಬ್ಯಾಸಗ್ಯಾಗ ಮಗ್ಗಲ ಊರಿನ ಒಂದು ಸಣ್ಣ ಮ್ಯೂಸಿಯಮ್ಮಿಗೆ ಹೋಗಾಕ ಚಾಲೂ ಮಾಡಿದೆ. ಬುಧವಾರಕ್ಕೊಮ್ಮೆ ಏಳೆಂಟು ಹೆಂಗಸರು ಕೂಡತೀವಿ. ನಾಕುನೂರು ವರ್ಷದ ಹಿಂದ ಇಲ್ಲಿಯವರು ಹಾಕ್ಕೋತಿದ್ದ ಅಂಗಿ, ಕಾಲರು, ಟೊಪಗಿ ಇವನ್ನ ಭೂತಗನ್ನಡಿ ಹಿಡದು ಎಳಿ ಎಣಿಸೂದು, ಚೌಕಳಿ ಹಾಳ್ಯಾಗ ಬರಕೊಳ್ಳೂದು, ಹೊಸ ಬಟ್ಟಿ ಮ್ಯಾಲ ಹಂಗೇ ಮಾಡೂದು. ಎಲ್ಲಾ ಲಿನನ್. ಲಿನನ್ ಅಂದ್ರ ಏನು ಹೇಳು? ನಮ್ಮ ಅಗಸಿ ಗಿಡದ ನಾರು! ನಾವು ಬೀಜ ಅಷ್ಟೇ ತಿಂದ್ವಿ, ಇವರು ಗಿಡಾನೇ ಉಟಗೊಂಡಾರ. ಇನ್ನೊಂದು ಹೇಳಿದ್ರ ನೀ ನಂಬೂದಿಲ್ಲ. ಅದರ ಮ್ಯಾಲ ಕರಿ ರೇಷ್ಮಿಲೆ ಹಾಕಿದ್ದು ನಮ್ಮ ಕಸೂತಿಯ ಗವಂತಿ ಹೊಲಿಗಿನೇ. ಬಿಟ್ಟು ಬಿಟ್ಟು ಹೋಗೂದು, ಬಿಟ್ಟಲ್ಲೆ ತುಂಬಕೋತ ಅದೇ ದಾರೀಲೆ ತಿರುಗಿ ಬರೂದು. ಗಂಟಿಲ್ಲ, ಹಿಂದ ಮುಂದ ಎರಡೂ ಒಂದೇ. ಮ್ಯೂಸಿಯಮ್ ನೋಡಕೊಳ್ಳೂ ಫ್ರಾವ್ ಹೇಫೆಲೆ ನನ್ನ ಕೈ ನೋಡಿ ಎಲ್ಲಿ ಕಲತಿ ಅಂತ ಕೇಳಿದ್ರು. ಧಾರವಾಡದಾಗ ನಮ್ಮತ್ತಿ ಹತ್ರ ಅಂದೆ. ನಿನ್ನ ಹೆಸರು ತಮ್ಮ ವಹಿಯಾಗ ಬರಕೊಂಡಾರ.

ಅವರದು ಒಂದೇ ಕಟ್ಟಪ್ಪಣಿ. ಹಳೇ ಬಟ್ಟ್ಯಾಗ ತಪ್ಪಿದ್ರ ನಕಲಿನ್ಯಾಗ ಆ ತಪ್ಪನ್ನೂ ಹಂಗೇ ಹೊಲೀಬೇಕು, ತಿದ್ದೂ ಹಂಗಿಲ್ಲ. ಮೂಲಕ್ಕಂತೂ ಸೂಜಿ ಸೋಕಸೂ ಮಾತೇ ಇಲ್ಲ.

ಮೂರು ವಾರದ ಹಿಂದ ಒಂದು ಕೂಸಿನ ಕುಲಾವಿ ತಗದು ನನ್ನ ಮುಂದಿಟ್ರು. ಅಂಗೈಯಷ್ಟು ಇತ್ತು ನೋಡು. ನಾ ಅದರ ನಕಲು ಹೊಲಕೋತ ಕುಂತಿದ್ದೆ. ಉಳಿದವರು ಕಾಫಿಗೆ ಹೋದ್ರು, ಫ್ರಾವ್ ಹೇಫೆಲೆಗೆ ಕೆಳಗ ಫೋನ್ ಬಂತು. ನೋಡತೀನಿ, ಅಂಚಿನ ಕಡೀ ಸಾಲು ಅರ್ಧಕ್ಕ ನಿಂತದ. ದಾರ ಹೋಗೇದ, ತಿರುಗಿ ಬಂದಿಲ್ಲ. ಗವಂತಿ ಅರ್ಧಕ್ಕ ಬಿಟ್ಟು ಎದ್ರ ನೀ ಬೆನ್ನಿಗೊಂದು ಗುದ್ದು ಹಾಕತಿದ್ದೆಲ್ಲ, ಬಿಟ್ಟ ಸಾಲು ಮನೀಗೆ ಛಲೋ ಅಲ್ಲ ಅಂತ. ಕೈ ತಾನಾಗೇ ಹೋತು ಅತ್ತಿ. ಹನ್ನೊಂದು ಹೊಲಿಗಿ ಹಾಕಿದೆ. ಹಾಕಿದ್ದು ನಕಲಿಗಲ್ಲ, ಮೂಲಕ್ಕ ಅಂತ ಹನ್ನೊಂದನೇದು ಮುಗಿದ ಮ್ಯಾಲ ತಿಳೀತು. ಫ್ರಾವ್ ಹೇಫೆಲೆ ಬಂದು ಮೂಲ ನೋಡದೇನೇ ಡಬ್ಬ್ಯಾಗ ಇಟ್ಟು ಮುಚ್ಚಿದ್ರು.

ಮನೀಗೆ ಬಂದು ಇವರಿಗೆ ಹೇಳಿದೆ. ವೀಸಾ ಎಕ್ಸ್‌ಟೆನ್ಶನ್ನಿಗೆ ಡಿಸೆಂಬರದಾಗ ಪರದೇಶದವರ ಕಚೇರಿ ಔಸ್‌ಲೆಂಡರ್‌ಆಮ್ಟಿನ ಅಪಾಯಿಂಟ್‌ಮೆಂಟ್ ಅದ, ಪೊಲೀಸ್ ಕಂಪ್ಲೇಂಟ್ ಆದ್ರ ಇಲ್ಲಿಯ ಗ್ರೀನ್ ಕಾರ್ಡೂ ಹೋತು, ನೌಕರೀನೂ ಹೋತು ಅಂತ ಅಡಿಗಿಮನ್ಯಾಗ ಅತ್ತಿಂದಿತ್ತ ತಿರುಗ್ಯಾಡಿದ್ರು. ಆಮ್ಯಾಲ ಮೆತ್ತಗ ಹೇಳಿದ್ರು:

"ನಿನ್ನ ಹೊಲಿಗಿ ಯಾರಿಗೂ ಗೊತ್ತಾಗಂಗಿಲ್ಲ. ಬಾಯಿ ಮುಚ್ಚಿಕೊಂಡು ಇದ್ದುಬಿಡು ಮಧು."

ಇದ್ದೆ. ಪೋಸ್ಟಿನವ ಬಂದ್ರೂ ಪೊಲೀಸ ಬಂದಂಗ ಅನಸತಿತ್ತು. ಮುಂದಿನ ಬುಧವಾರ ಫ್ರಾವ್ ಹೇಫೆಲೆ ಅರ್ಧ ಸಾಲು ಎಲ್ಲಾರಿಗೂ ತೋರಸಾಕ ಅಂತ ಡಬ್ಬಿ ತಗದ್ರು. ಗಾಜು ಹಿಡದು ನೋಡಿದ್ರು, ತಿರುವಿ ನೋಡಿದ್ರು, ಚಷ್ಮಾ ಒರಸಿ ಮತ್ತ ನೋಡಿದ್ರು. ಸಾಲು ಪೂರಾ ಅದ. ಅರವತ್ತು ದಾಟಿದ ಹೆಂಗಸು, ಸುಮ್ಮನ ಕುರ್ಚಿ ಮ್ಯಾಲ ಕುಂತು, ಎರಡು ವರ್ಷದಿಂದ ಇದು ಅರ್ಧ ಅಂತ ಬರಕೋತ ಬಂದೀನಿ, ನನ್ನ ಕಣ್ಣು ಹೋಗ್ಯಾವ, ಈ ಕೆಲಸ ಇನ್ನೊಬ್ಬರಿಗೆ ಬಿಟ್ಟು ಕೊಡತೀನಿ ಅಂದ್ರು. ನಾ ಅಲ್ಲೇ ಮಗ್ಗಲಿಗೆ ಕುಂತಿದ್ದೆ. ತಲಿ ತಗ್ಗಿಸಿ ನನ್ನ ನಕಲಿನ ಎಳಿ ಎಣಿಸಿಕೋತ ಇದ್ದುಬಿಟ್ಟೆ. ಆ ವಾರ ನನಗ ನಿದ್ದಿ ಹತ್ತಲಿಲ್ಲ. ಉಪ್ಪು ತಿಂದಾಕಿ ನಾನು, ನೀರು ಅವರು ಯಾಕ ಕುಡೀಬೇಕು ಹೇಳು.

ಹೋದ ಬುಧವಾರ ಇವರಿಗೂ ಹೇಳದ ಹೋಗಿ, ಬಾಗಲಾ ಹಾಕಿ, ಫ್ರಾವ್ ಹೇಫೆಲೆ ಮುಂದ ನನ್ನ ಹರಕು ಜರ್ಮನ್‌ದಾಗ ಎಲ್ಲಾ ಒಪ್ಪಿಕೊಂಡೆ. ಬೈತಾರಂತ ನೆಲಾ ನೋಡಕೋತ ನಿಂತಿದ್ದೆ. ಬೈಲಿಲ್ಲ. ಮೊದಲು ಹೇಳಿದ್ದು, ಸದ್ಯ ನನ್ನ ಕಣ್ಣು ನೆಟ್ಟಗ ಅದಾವ ಅಂತ. ಯಾರಿಗೂ ಕಂಪ್ಲೇಂಟ್ ಕೊಡಂಗಿಲ್ಲಂತ. ಆಮ್ಯಾಲ ಡಬ್ಬ್ಯಾಗಿಂದ ಒಂದು ಹಳೇ ಚೀಟಿ ತಗದು ಓದಿದ್ರು. ಕುಲಾವಿ ಕೊಟ್ಟ ಮನೆತನದ್ದು. ಕೂಸು ಹುಟ್ಟಿ ಆರು ದಿನಕ್ಕ ಹೋತು, ಅವತ್ತು ತಾಯಿ ಸೂಜಿ ಕೆಳಗ ಇಟ್ಲು ಅಂತ ಅದರಾಗ ಅದ.

"ಅದು ಮರತು ಬಿಟ್ಟ ಸಾಲಲ್ಲ, ಅಕಿ ಬೇಕಂತನೇ ಬಿಟ್ಟ ಸಾಲು. ನೀ ಹಾಕಿದ್ದು ಎಲ್ಲಿಂದೆಲ್ಲಿಗೆ ಅಂತ ನಿನಗಷ್ಟೇ ಗೊತ್ತು, ನೀನೇ ಬಿಚ್ಚಬೇಕು" ಅಂದ್ರು.

ನಾಳೆ ಬಿಚ್ಚಬೇಕು. ಪೊಲೀಸರ ಅಂಜಿಕಿ ಹೋಗಿ ಅದಕ್ಕಿಂತ ದೊಡ್ಡದು ಬಂದು ಕುಂತದ. ಸತ್ತ ಕೂಸಿನ ಕುಲಾವಿ ನಾ ಬಸರಿದ್ದಾಗ ಪೂರಾ ಮಾಡೀನಿ. ಈಗ ಬಸರಿದ್ದಾಗಲೇ ಬಿಚ್ಚಬೇಕು. ಹೊಟ್ಟ್ಯಾಗ ಕೂಸು ಇದ್ದಾಗ ಹಾಕಿದ ಹೊಲಿಗಿ ಬಿಚ್ಚಬಾರದು ಅಂತಿದ್ದಾಕಿ ನೀನೇ. ಎಂಜಿನಿಯರ್ ಗಂಡನ ಮುಂದ ಹೇಳಿದ್ರ ನಗತಾರ, ಹೇಳಿಲ್ಲ. ಮಾಡಿದ್ದೂ ತಪ್ಪು, ಬಿಚ್ಚೂದೂ ತಪ್ಪು ಅಂದ್ರ ನಾ ಎಲ್ಲಿ ಹೋಗಲಿ? ನನ್ನ ಕೈ ಮಾಡಿದ್ದು ನನ್ನ ಕೂಸಿಗೆ ಹತ್ತಬಾರದು, ಅಷ್ಟೇ ನಾ ಬೇಡೂದು.

ಮಾಮಾಗ ಶರಣು ಹೇಳು. ಮಂಡಿಗೆ ಎಣ್ಣಿ ಹಚ್ಚಕೊಳ್ಳೂದು ಬಿಡಬ್ಯಾಡ. ನಿನ್ನ ಆಶೀರ್ವಾದದ ಕೈ ನನ್ನ ತಲಿ ಮ್ಯಾಲ ಇರಲಿ, ಹೊಟ್ಟಿ ಮ್ಯಾಲೂ ಇರಲಿ.

ನಿನ್ನ ಮಗಳಂಥಾಕಿ,
ಮಧುಮತಿ

ತಾ.ಕ.: ಮ್ಯಾಲಿಂದೆಲ್ಲಾ ಮುಂಜಾನೆ ಬರದೆ. ಇಷ್ಟುದ್ದ ಬರದದ್ದು ಒಂದು ಮಾತು ಬರೀಲಾರದಕ್ಕ. ನಿನ್ನೆ ಮಧ್ಯಾಹ್ನದಿಂದ ಕೂಸು ಮಿಸುಕಾಡಿಲ್ಲ ಅತ್ತಿ. ಎಡಕ್ಕ ಮಲಗಿ ನೋಡಿದೆ, ಬೆಲ್ಲದ ನೀರು ಕುಡದು ನೋಡಿದೆ. ಈಗ ಡಾಕ್ಟರಿಗೆ ಫೋನ್ ಮಾಡಿದ್ರ ತಕ್ಷಣ ಬಾ ಅಂದಾರ. ಇವರು ಫ್ಯಾಕ್ಟರಿಯಿಂದ ಹೊಂಟಾರ, ನಾ ಕೋಟು ಹಾಕ್ಕೊಂಡು ಬಾಗಲದಾಗ ಕುಂತೀನಿ. ದಾರ್ಯಾಗ ಇದನ್ನ ಪೋಸ್ಟ್ ಡಬ್ಬಿಗೆ ಹಾಕತೀನಿ. ನಿನಗ ಮುಟ್ಟಾಕ ಹತ್ತು ದಿನ ಬೇಕು. ನೀ ಓದೂ ಹೊತ್ತಿಗೆ ಏನಾತು ಅನ್ನೂದು ನನಗ ಗೊತ್ತಾಗಿ ಹೋಗಿರತದ, ನೀ ಹರಕಿ ಹೊತ್ರೂ ತಡ ಆಗಿರತದ. ಆದ್ರೂ ಹೊತ್ತುಬಿಡು.