ಡಾಂಬರು ಎಷ್ಟು, ಮಣ್ಣು ಎಷ್ಟು

ಅಂಗಡಿಯಿಂದ,
ಜುಲೈ 9, ಮಂಗಳವಾರ, ಮಧ್ಯಾಹ್ನ

ನನ್ನ ಚೂಟಿ, ನನ್ನ ಡಾಕ್ಟರಮ್ಮ,

ನಿನ್ನ ಪತ್ರ ಶನಿವಾರವೇ ಕೈಸೇರಿತು. ಹೊಸ ಮೋಟಾರ್‌ಸೈಕಲ್ಲಿನ ಫೋಟೋ ನೋಡಿದೆ. ಅದರ ಎತ್ತರ ನೋಡಿ ನಗು ಬಂತು, ಹತ್ತಲು ನಿನಗೆ ಏಣಿಯೇ ಬೇಕಲ್ಲೇ. ಬೆಟ್ಟದ ಮೇಲಿನ ಪಶು ಆಸ್ಪತ್ರೆಗೆ ಹಾಕಿದ್ದಾರೆ, ಕಾಯಿಲೆ ಬಿದ್ದ ಹಸು ಕುರಿಗಳು ಡಾಂಬರು ರಸ್ತೆ ಪಕ್ಕ ನನಗಾಗಿ ಕಾಯುತ್ತಾ ನಿಂತಿರುವುದಿಲ್ಲ ಅಂತ ಬರೆದಿದ್ದೀಯ. ಹದಿನೈದನೇ ತಾರೀಕು ಸೋಮವಾರದಿಂದ ಸುತ್ತಾಟ ಶುರು, ಅಷ್ಟರೊಳಗೆ ಒಂದು ಜೊತೆ ಬಟನ್ ಟೈರು ಕಳಿಸು, ಅಂಗಡಿಯಲ್ಲಿ ಇರುವುದರಲ್ಲೇ ಮೈಮೇಲೆ ದಪ್ಪ ರಬ್ಬರು ಗುಬುಟು ಎದ್ದಿರುವುದು ಅಂದಿದ್ದೀಯ. ಕೆಳಗೆ ಇನ್ನೊಂದು ಸಾಲು ಬರೆದಿದ್ದೀಯ, ಅಪ್ಪನ ಹಾಗೆ ಬೋಳು ಟೈರಿನಲ್ಲಿ ಹೋಗಿ ಸಾಯಲು ನಾನು ತಯಾರಿಲ್ಲ ಅಂತ.

ಆ ಸಾಲು ಓದಿದ ಮೇಲೆ ಮೂರು ದಿನದಿಂದ ನಿನ್ನ ಫೋನ್ ಎತ್ತಿಲ್ಲ. ಕೋಪ ಅಂದುಕೊಳ್ಳಬೇಡ. ಫೋನಿನಲ್ಲಾದರೆ ಏನೋ ಒಂದು ಹೇಳಿ ತಪ್ಪಿಸಿಕೊಂಡುಬಿಡುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಅದಕ್ಕೇ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಇಳಿಸಿ, ಗಾಳಿ ತುಂಬುವ ಯಂತ್ರ ನಿಲ್ಲಿಸಿ, ಬರೆಯಲು ಕೂತಿದ್ದೇನೆ.

ಬಟನ್ ಟೈರು ಕಳಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಮೊದಲು ಅಂಗಡಿ ಮಾತು ಹೇಳಿಬಿಡುತ್ತೇನೆ, ನನಗೆ ಅದು ಸುಲಭ.

ಇಪ್ಪತ್ತೆಂಟು ವರ್ಷದಿಂದ ಇಲ್ಲಿಗೆ ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದ್ದೇನೆ. ನೂರು ಕಿಲೋಮೀಟರ್ ಓಡಿಸಿದರೆ ಅದರಲ್ಲಿ ಡಾಂಬರು ಎಷ್ಟು, ಮಣ್ಣು ಎಷ್ಟು? ಎಲ್ಲರೂ ಸುಳ್ಳು ಹೇಳುತ್ತಾರೆ. ಹೋದ ತಿಂಗಳು ಒಬ್ಬ ಬ್ಯಾಂಕಿನವನು ಬಂದಿದ್ದ. ಅರ್ಧಕ್ಕರ್ಧ ಮಣ್ಣು ಮೇಡಂ, ಬರೀ ಕಾಡು ಮೇಡು ಅಂದ. ಅವನ ಹಳೇ ಟೈರು ನೋಡಿದರೆ ನಡುಭಾಗ ಮಾತ್ರ ಚಪ್ಪಟೆಯಾಗಿ ಸವೆದಿದೆ, ಅಂಚಿನ ರಬ್ಬರು ನಿನ್ನೆ ತಂದ ಹಾಗಿದೆ. ಆ ಪುಣ್ಯಾತ್ಮ ಕಂಡ ಮಣ್ಣು ಅಂದರೆ ನೀರಿನ ಪೈಪು ಹಾಕಲು ಮನೆ ಮುಂದೆ ಅಗೆದದ್ದೇ ಇರಬೇಕು. ಅವನನ್ನು ನಗಿಸಿ, ಬೈದು, ರಸ್ತೆ ಟೈರು ಹಾಕಿ ಕಳಿಸಿದೆ.

ಬಟನ್ ಟೈರು ಕೆಸರನ್ನು ಕಚ್ಚಿ ಹಿಡಿಯುತ್ತದೆ, ನಿಜ. ಆದರೆ ಡಾಂಬರಿಗೆ ತಾಗುವುದು ಆ ಗುಬುಟುಗಳ ತುದಿ ಅಷ್ಟೇ. ಮಳೆ ಬಿದ್ದ ತಿರುವಿನಲ್ಲಿ ಗಾಡಿ ಓರೆಯಾದಾಗ ಗುಬುಟು ಬಾಗುತ್ತದೆ, ಹಿಡಿತ ಬಿಡುತ್ತದೆ. ರಸ್ತೆ ಟೈರು ಇದಕ್ಕೆ ಉಲ್ಟಾ. ಡಾಂಬರಿನಲ್ಲಿ ಅಂಟಿಕೊಂಡು ಹೋಗುತ್ತದೆ, ಕೆಸರು ಸಿಕ್ಕಿದರೆ ಅದರ ಸಣ್ಣ ಸೀಳುಗಳಲ್ಲೆಲ್ಲ ಮಣ್ಣು ಮೆತ್ತಿಕೊಂಡು ಕೈ ಕೊಡುತ್ತದೆ. ಇವೆರಡರ ನಡುವೆ ಒಂದು ಜಾತಿ ಇದೆ, ನಡುವಿನಲ್ಲಿ ಒತ್ತೊತ್ತಾಗಿ, ಅಂಚಿನಲ್ಲಿ ಬಿಡಿಬಿಡಿಯಾಗಿ ರಬ್ಬರಿನ ಕಟ್ಟೆ ಕಟ್ಟಿದ ಟೈರು. ಎರಡರಲ್ಲೂ ಪೂರ್ತಿ ಶೂರ ಅಲ್ಲ, ಆದರೆ ಎರಡರಲ್ಲೂ ಮೋಸ ಮಾಡುವುದಿಲ್ಲ. ನಿಮ್ಮಪ್ಪ ಕೇಳಿದ್ದು ಅದನ್ನೇ.

ಈಗ ಹೇಳಲೇಬೇಕು. ನಿಮ್ಮಪ್ಪ ಸತ್ತದ್ದು ಬೋಳು ಟೈರಿನಿಂದ ಅಲ್ಲ, ಚೂಟಿ.

ಬೆಟ್ಟದ ಆಸ್ಪತ್ರೆಗಳಲ್ಲಿ ಔಷಧಿ ಇಡುವ ಫ್ರಿಜ್ ಕೆಟ್ಟರೆ ರಿಪೇರಿಗೆ ಅವರೇ ಹೋಗಬೇಕಿತ್ತಲ್ಲ. ತೀರಿಹೋಗುವ ಹಿಂದಿನ ವಾರ ಕೊನೆಯ ಮಣ್ಣುದಾರಿಯಲ್ಲಿ ಒಮ್ಮೆ ಬಿದ್ದಿದ್ದರು. ಬೆನ್ನು, ಕತ್ತು, ಕಿವಿಯೊಳಗೆಲ್ಲ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವರು ನಕ್ಕದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಇವರು ಎಲ್ಲೋ ಯಾರೂ ಇಲ್ಲದ ಕಡೆ ಕೆಸರಿನಲ್ಲಿ ಗಾಡಿ ಅಡಿ ಬಿದ್ದಿರುವ ಹಾಗೆ ಕಣ್ಣಿಗೆ ಕಟ್ಟಿತು. ಹಳೇ ಟೈರು ಸವೆದಿತ್ತು, ಬದಲಾಯಿಸುವ ಹೊತ್ತು ಬಂದೇ ಇತ್ತು. ಗಾಡಿ ಒಳಗೆ ತೆಗೆದುಕೊಂಡು ಅವರನ್ನೂ ಗಿರಾಕಿಯ ಹಾಗೆ ಅದೇ ಪ್ರಶ್ನೆ ಕೇಳಿದೆ.

"ನೂರರಲ್ಲಿ ತೊಂಬತ್ತು ಡಾಂಬರು ಕಣೇ," ಅಂದರು.

"ಬೀಳೋದು ಆ ಹತ್ತರಲ್ಲೇ ಅಲ್ವಾ," ಅಂದೆ.

ಅಷ್ಟು ವರ್ಷದಲ್ಲಿ ನನಗೆ ನಿಜ ಹೇಳಿದ ಗಿರಾಕಿ ಅವರೊಬ್ಬರೇ. ಅವರ ಮಾತೇ ನನ್ನ ಕಿವಿಗೆ ಹೋಗಲಿಲ್ಲ. ಬಟನ್ ಬೇಡ, ನಡುವಿನದು ಹಾಕು ಅಂತ ಎರಡು ಸಲ ಹೇಳಿದರು. ಈ ಅಂಗಡಿ ನಿಮ್ಮದಾ ನನ್ನದಾ ಅಂತ ಗದರಿದೆ. ಅವರು ಎಂದಿನಂತೆ ಕೈ ಎತ್ತಿ, ಆಯ್ತಮ್ಮಾ ಯಜಮಾನ್ತಿ, ಅಂದು ಒಳಗೆ ಹೋಗಿ ಸ್ನಾನ ಮಾಡಿದರು. ನಾನೇ ನನ್ನ ಕೈಯಾರೆ ಎರಡೂ ಚಕ್ರಕ್ಕೆ ಬಟನ್ ಟೈರು ಏರಿಸಿದೆ.

ಐದನೇ ದಿನ ಬೆಟ್ಟದ ರಸ್ತೆಯಲ್ಲಿ ಮಳೆ ಬಂದಿತ್ತು. ಒಳ್ಳೆ ರಸ್ತೆ ಅದು, ಒಂದು ಗುಂಡಿ ಇಲ್ಲ. ಮೂರನೇ ತಿರುವಿನಲ್ಲಿ ಮುಂದಿನ ಚಕ್ರ ಹಾಗೇ ಅಡಿಯಿಂದ ಸರಿದುಹೋಯಿತಂತೆ. ಎದುರಿಗೆ ಬರುತ್ತಿದ್ದ ಲಾರಿಯವನು ನನ್ನ ಮುಂದೆ ಕೈ ಮುಗಿದು ನಿಂತು, ಅವರು ಜೋರಾಗಿ ಬರುತ್ತಿರಲಿಲ್ಲ ಅಮ್ಮ, ನನಗೆ ಬ್ರೇಕ್ ಹಾಕಲೂ ಜಾಗ ಇರಲಿಲ್ಲ ಅಂತ ಅತ್ತ. ಪೊಲೀಸರು ಮಳೆ ಅಂತ ಬರೆದುಕೊಂಡರು. ಟೈರಿನ ಕಡೆ ಯಾರೂ ನೋಡಲಿಲ್ಲ.

ನೀನು ನೋಡುತ್ತೀಯ ಅಂತ ನನಗೆ ಗೊತ್ತಿತ್ತು. ಏಳನೇ ವಯಸ್ಸಿನಿಂದ ಈ ಅಂಗಡಿಯಲ್ಲಿ ಟೈರಿನ ಮೇಲೆ ಕೂತು ಹೋಂವರ್ಕ್ ಬರೆದವಳು ನೀನು. ಗಾಡಿಯನ್ನು ಅಂಗಡಿ ಹಿಂದೆ ತಂದು ಇಳಿಸಿದ ದಿನ ನೀನು ಇನ್ನೂ ಬಸ್ಸಿನಲ್ಲಿದ್ದೆ. ನಾನು ಬಾಗಿಲು ಹಾಕಿಕೊಂಡು ಬಟನ್ ಟೈರು ಬಿಚ್ಚಿದೆ. ಮೂಲೆಯಲ್ಲಿ ಎಸೆದಿದ್ದ ಅವರ ಹಳೇ ಟೈರುಗಳನ್ನೇ ಮತ್ತೆ ಏರಿಸಿದೆ. ಮುಂದಿನ ರಿಮ್ಮು ಬಾಗಿತ್ತು, ಸೋಪಿನ ನೀರು ಹಚ್ಚಿದರೂ ಟೈರು ಕೂರಲಿಲ್ಲ, ಮಂಡಿ ಊರಿ ಒತ್ತಿ ಒತ್ತಿ ಕೂರಿಸಿದೆ. ಗಂಡನ ಹೆಣ ಆಸ್ಪತ್ರೆಯಲ್ಲಿದ್ದಾಗ ನಾನು ಇದನ್ನು ಮಾಡುತ್ತಿದ್ದೆ.

ನೀನು ಬಂದವಳೇ ಗಾಡಿಯ ಹತ್ತಿರ ಹೋಗಿ ಟೈರಿನ ಮೇಲೆ ಹೆಬ್ಬೆರಳು ಆಡಿಸಿದೆ. ಟೈರಿನ ಅಂಗಡಿ ಇಟ್ಟ ಹೆಂಡತಿ ಮನೆಯಲ್ಲೇ ಇದ್ದೂ ಅಪ್ಪ ಇಂಥದ್ದರಲ್ಲಿ ಓಡಾಡಿದರಾ ಅಂತ ನೀನು ಕೇಳಿದೆ. ಆಗಲೂ ನಿಜ ಹೇಳಬಹುದಿತ್ತು. ಎಷ್ಟು ಹೇಳಿದರೂ ಕೇಳಲಿಲ್ಲ ಅಂದೆ ನಾನು. ಅಲ್ಲೇ ನಿಂತಿದ್ದ ನಿನ್ನ ಸೋದರತ್ತೆ, ನನ್ನ ತಮ್ಮ ಅಷ್ಟು ಬೇಜವಾಬ್ದಾರಿಯವನಲ್ಲ ಅಂತ ಗೋಳಾಡಿದಳು. ನೀನು ಅವಳ ಮೇಲೆ ರೇಗಿದೆ. ನಾನು ಇಬ್ಬರಿಗೂ ಚಹಾ ಮಾಡಲು ಒಳಗೆ ಹೋದೆ.

ಆರು ವರ್ಷದಿಂದ ನೀನು ಅಪ್ಪನ ಫೋಟೋ ಗೋಡೆಗೆ ಹಾಕಲು ಬಿಟ್ಟಿಲ್ಲ. ನಮ್ಮ ಬಗ್ಗೆ ಒಂದು ನಿಮಿಷ ಯೋಚನೆ ಮಾಡಿದ್ದರೆ ಟೈರು ಬದಲಾಯಿಸುತ್ತಿದ್ದರು ಅಂತ ಎಷ್ಟು ಸಲ ಅಂದಿದ್ದೀಯ. ಒಂದೊಂದು ಸಲವೂ ಅಂಗಡಿಯಲ್ಲಿ ಏನೋ ಕೆಲಸ ಇದೆ ಅಂತ ಎದ್ದು ಹೋಗುತ್ತಿದ್ದೆ. ಮಗಳು ಅವರನ್ನು ದ್ವೇಷಿಸಿದರೆ ಪರವಾಗಿಲ್ಲ, ನನ್ನನ್ನು ದ್ವೇಷಿಸದಿದ್ದರೆ ಸಾಕು ಅನ್ನಿಸಿತ್ತು. ಇಂಥ ತಾಯಿ ನಾನು. ನೀನು ಬಟನ್ ಟೈರು ಕೇಳದೇ ಹೋಗಿದ್ದರೆ ಇದನ್ನು ನನ್ನ ಜೊತೆಗೇ ತೆಗೆದುಕೊಂಡು ಹೋಗುತ್ತಿದ್ದೆನೋ ಏನೋ.

ನಿನ್ನ ದಾರಿ ಎಷ್ಟೆಷ್ಟು ಅಂತ ನೀನೇ ಬರೆದಿದ್ದೀಯ. ಬೆಟ್ಟ ಹತ್ತಿ ಇಳಿಯುವುದು ಡಾಂಬರು, ಊರೊಳಗೆ ಹೋಗುವ ಕೊನೆಯ ತುಂಡು ಮಾತ್ರ ಮಣ್ಣು. ಅದೇ ರಸ್ತೆ, ಅದೇ ತಿರುವುಗಳು. ನಡುವಿನ ಜಾತಿ ತೆಗೆದುಕೋ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ಅಂಕಿ ಟೈರು ತಯಾರಾದ ವಾರ, ಕೊನೆಯೆರಡು ಅಂಕಿ ವರ್ಷ. ತುಂಬ ಹಳೇ ದಾಸ್ತಾನು ಕೊಟ್ಟರೆ ಮುಖಕ್ಕೆ ಎಸೆದು ಬಾ. ಮಣ್ಣಿಗೆ ಇಳಿಯುವ ಮೊದಲು ಸ್ವಲ್ಪ ಗಾಳಿ ಬಿಡು, ಡಾಂಬರಿಗೆ ಹತ್ತುವ ಮೊದಲು ಕಾಲುಪಂಪಿನಲ್ಲಿ ತುಂಬಿಸಿಕೋ, ಸೋಮಾರಿತನ ಮಾಡಬೇಡ. ತೀರಾ ಕೆಸರಿದ್ದರೆ ಗಾಡಿ ನಿಲ್ಲಿಸಿ ಔಷಧಿ ಪೆಟ್ಟಿಗೆ ಹೊತ್ತು ನಡೆ. ಹಸು ಹತ್ತು ನಿಮಿಷ ಕಾಯುತ್ತದೆ. ಕೆಸರಲ್ಲಿ ಬಿದ್ದರೆ ಮೊಣಕೈ ತರಚುತ್ತದೆ ಅಷ್ಟೇ, ಡಾಂಬರಿನಲ್ಲಿ ಬಿದ್ದರೆ ಎದುರಿಗೆ ಲಾರಿ ಇರುತ್ತದೆ.

ನಿನ್ನ ಅಳತೆಯ ಒಂದು ಜೊತೆ ಇಲ್ಲಿ ತೆಗೆದಿಟ್ಟಿದ್ದೇನೆ. ಪತ್ರದ ಜೊತೆ ಕಳಿಸುತ್ತಿಲ್ಲ. ಇದನ್ನು ಓದಿದ ಮೇಲೂ ಅಮ್ಮನ ಕೈಯಿಂದ ಟೈರು ಬೇಕು ಅನ್ನಿಸಿದರೆ ಒಂದು ಮಾತು ಹೇಳು, ಅದೇ ದಿನ ಬಸ್ಸಿಗೆ ಹಾಕುತ್ತೇನೆ. ಬೇಡ ಅನ್ನಿಸಿದರೆ ಬೇರೆ ಅಂಗಡಿಯಲ್ಲಿ ಕೊಂಡುಕೋ, ನನಗೆ ಬೇಜಾರಿಲ್ಲ. ಬೇಜಾರಿಲ್ಲ ಅನ್ನುವುದೂ ಸುಳ್ಳೇ. ಆದರೂ ಕೊಂಡುಕೋ.

ಅಪ್ಪನ ಮೇಲಿನ ಕೋಪ ಬಿಡು. ಅದನ್ನು ಎಲ್ಲಿ ಹಾಕಬೇಕು ಅಂತ ಈಗ ನಿನಗೆ ಗೊತ್ತಾಯಿತು.

ಇಷ್ಟು ವರ್ಷ ನಿನ್ನ ಮುಖ ನೋಡಿ ಮಾತಾಡಲಾಗದಿದ್ದ,
ಅಮ್ಮ

ತಾ.ಕ.: ಇಲ್ಲಿಗೆ ಮುಗಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದು ಬರೆಯುತ್ತಿದ್ದೇನೆ. ಆ ದಿನ ಬೆಟ್ಟ ಹತ್ತುವ ಮೊದಲು ಅವರು ಕೆಳಗಿನ ಪೆಟ್ರೋಲ್ ಬಂಕಿನಿಂದ ಫೋನ್ ಮಾಡಿದ್ದರು. ಒದ್ದೆಯಲ್ಲಿ ಮುಂದಿನ ಚಕ್ರ ಜಾರುತ್ತಿದೆ, ಗಾಡಿ ಇಲ್ಲೇ ಬಿಟ್ಟು ನಾಳೆ ಬಸ್ಸಿನಲ್ಲಿ ಹೋಗಲಾ ಅಂತ ಕೇಳಿದರು. ಅಂಗಡಿಯಲ್ಲಿ ಜನ ನಿಂತಿದ್ದರು. ಹೊಸ ಟೈರು ಮೊದಮೊದಲು ಹಾಗೇ, ಓಡಿಸುತ್ತಾ ಸರಿಹೋಗುತ್ತದೆ ಅಂದೆ. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು ಅದು. ನಾಲ್ಕು ದಿನ ಓಡಿದ ಟೈರು, ಹೊಸತರ ಜಾರಿಕೆ ಅಷ್ಟರಲ್ಲಿ ಹೋಗಿರಬೇಕಿತ್ತು ಅಂತ ಲೆಕ್ಕ ಹಾಕುವಷ್ಟೂ ನಿಂತು ಯೋಚಿಸಲಿಲ್ಲ. "ನೀನು ಹೇಳಿದ ಮೇಲೆ ಆಯ್ತು ಬಿಡು," ಅಂದು ಇಟ್ಟರು. ನಿನಗೆ ಎಂದಾದರೂ ಹಾಗೆ ಜಾರಿದರೆ ನನ್ನನ್ನು ಕೇಳಬೇಡ ಚೂಟಿ. ಗಾಡಿ ನಿಲ್ಲಿಸಿ ಇಳಿದುಬಿಡು.