ಅಮ್ಮ ಜೋಡಿಸಿದ ಗಿಟಾರ್

ವಸ್ತಾರೆ
೨೦ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಪ್ರಸಾದಣ್ಣ,

ಮೊದಲು ನಿನ್ನ ಕಾಲಿನ ವಿಷಯ ಹೇಳು. ಹೋದ ವಾರ ಫೋನ್ ಮಾಡಿದಾಗ ಹೆಬ್ಬೆರಳು ಇನ್ನೂ ಜೋಮು ಹಿಡಿದ ಹಾಗೇ ಇದೆ ಅಂದಿದ್ದೆ. ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ಆ ಹಿಮದಲ್ಲಿ ಇದೆಲ್ಲ ಮಾಮೂಲು ಅಂತ ಸುಮ್ಮನಾದೆಯಾ? ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ತಂಗಿಯ ಹತ್ತಿರ ಸುಳ್ಳು ಹೇಳಬೇಡ. ಉಣ್ಣೆಯ ಕಾಲುಚೀಲ ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ, ಹಂಚದೆ ನೀನೇ ಹಾಕಿಕೋ. ಇಲ್ಲಿ ನಾವಿಬ್ಬರೂ ಆರಾಮ. ಅಮ್ಮನ ಬಿ.ಪಿ.ಯನ್ನು ನಾನೇ ವಾರಕ್ಕೊಮ್ಮೆ ನೋಡುತ್ತೇನೆ, ಈಗ ಹಿಡಿತದಲ್ಲಿದೆ. ನೀನು ಹೋದ ಸಲ ಬಂದಾಗ ಬಾಗಿಲಿಗೆ ಹಾಕಿಕೊಟ್ಟ ಚಿಲಕ ಮತ್ತೆ ಕಳಚಿ ಬಿದ್ದಿದೆ, ಅದನ್ನು ಹೇಳಿ ನಿನ್ನ ಮನಸ್ಸು ನೋಯಿಸುವುದಿಲ್ಲ.

ಸುಳ್ಳು ಹೇಳಬೇಡ ಅಂತ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆಗಸ್ಟಿನಿಂದ ಈಚೆಗೆ ನೀನು ಮೂರು ಸಲ ಕೇಳಿದ್ದೀಯ, ಗಿಟಾರ್ ಕಿಟ್‌ನ ಪೆಟ್ಟಿಗೆ ಅಟ್ಟದ ಮೇಲೆ ಭದ್ರವಾಗಿದೆ ತಾನೆ, ಇಲಿ ಗಿಲಿ ಮುಟ್ಟಿಲ್ಲ ತಾನೆ ಅಂತ. ಮೂರು ಸಲವೂ ಇಟ್ಟ ಹಾಗೇ ಇದೆ ಅಂದೆ. ಇಲ್ಲ ಅಣ್ಣ. ಆ ಪೆಟ್ಟಿಗೆ ಖಾಲಿಯಾಗಿ ಎರಡೂವರೆ ತಿಂಗಳಾಯಿತು. ಅದರೊಳಗಿದ್ದದ್ದನ್ನೆಲ್ಲ ಅಮ್ಮ ಜೋಡಿಸಿದ್ದಾಳೆ. ಹೌದು, ನಮ್ಮಮ್ಮ, ಗೋಡೆಗೆ ಮೊಳೆ ಹೊಡೆಯಲೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದವಳು. ನಿಮ್ಮ ಗಡಿ ಪೋಸ್ಟಿನಲ್ಲಿ ಫೋನಿಗಾಗಿ ಸಾಲಿನಲ್ಲಿ ನಿಂತವರ ಗಲಾಟೆಯ ನಡುವೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಯೂನಿಟ್ಟಿನಲ್ಲಿ ಗೆಳೆಯನ ಹತ್ತಿರ ಗಿಟಾರ್ ಕಲಿತು, ಜೂನ್ ರಜೆಯಲ್ಲಿ ಒಂದನ್ನು ನನ್ನ ಕೈಯಾರೆ ಮಾಡುತ್ತೇನೆ ಅಂತ ನೀನು ಎಷ್ಟು ಆಸೆಯಿಂದ ತರಿಸಿದ್ದೆ, ಪೆಟ್ಟಿಗೆ ಮನೆಗೆ ಬಂದ ವಾರವೇ ರಜೆ ರದ್ದಾಗಿ ಎಷ್ಟು ಬೇಜಾರು ಮಾಡಿಕೊಂಡಿದ್ದೆ, ಎಲ್ಲ ನನಗೆ ನೆನಪಿದೆ. ಕೋಪ ಬಂದಿದ್ದರೆ ನ್ಯಾಯವೇ. ಆದರೆ ಪೂರ್ತಿ ಓದಿ ಆಮೇಲೆ ಬೈ.

ಮೇ ತಿಂಗಳಲ್ಲಿ ಕ್ಯೂರಿಂಗ್ ವರ್ಕ್ಸ್‌ಗೆ ಬಣ್ಣ ನೋಡಿ ಕಾಫಿ ಬೀಜ ಬೇರೆ ಮಾಡುವ ಯಂತ್ರ ಬಂದದ್ದು, ಬೀಜ ಆರಿಸುತ್ತಿದ್ದ ಹೆಂಗಸರಲ್ಲಿ ಆರು ಜನರನ್ನು ಉಳಿಸಿಕೊಂಡು ಅಮ್ಮನೂ ಸೇರಿದಂತೆ ಮಿಕ್ಕವರನ್ನು ಕಳಿಸಿದ್ದು ನಿನಗೆ ಗೊತ್ತು. ಇಪ್ಪತ್ತೇಳು ವರ್ಷ ಮಾಡಿದ ಕೆಲಸ. ಅಪ್ಪ ತೀರಿಕೊಂಡು ಹದಿನೈದನೇ ದಿನಕ್ಕೇ ಅಮ್ಮ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದಳು. ಫೋನಿನಲ್ಲಿ ನಿನಗೆ, ಇನ್ನಾದ್ರೂ ಕಾಲು ಚಾಚಿ ಕೂರ್ತೀನಿ ಬಿಡು ಮಗಾ, ಅಂದಳು. ನಾನು ನಿನಗೆ ಹೇಳದೇ ಇದ್ದದ್ದು ಆಮೇಲಿನದು. ದಿನಾ ಐದಕ್ಕೆ ಎದ್ದು, ತಲೆ ಬಾಚಿ, ಡಬ್ಬಿ ಕಟ್ಟಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ಏಳೂಕಾಲಿನ ಬಸ್ಸು ಹೋದ ಮೇಲೆ ಒಳಗೆ ಬಂದು ಮೊರದಲ್ಲಿ ಅಕ್ಕಿ ಸುರಿದುಕೊಂಡು ಆರಿಸಲು ಶುರು ಮಾಡುತ್ತಿದ್ದಳು. ಅಂಗಡಿ ಅಕ್ಕಿ, ಅದರಲ್ಲಿ ಕಲ್ಲೆಲ್ಲಿ? ಮಧ್ಯಾಹ್ನ ಊಟಕ್ಕೆ ಬಂದರೆ ಅದೇ ಮೊರ, ಅದೇ ಅಕ್ಕಿ. ಆರಿಸಿದ್ದನ್ನೇ ಮತ್ತೆ ಸುರಿದುಕೊಂಡಿರುತ್ತಿದ್ದಳು. ಮಾತಾಡಿಸಿದರೆ ಹೂಂ ಅನ್ನುತ್ತಿದ್ದಳು, ಅಷ್ಟೇ. ನನಗೆ ನಿಜವಾಗಿ ಭಯವಾಗಿತ್ತು ಅಣ್ಣ. ನಿನಗೆ ಹೇಳಿದ್ದರೆ ಅಷ್ಟು ದೂರದಲ್ಲಿ ನೀನು ಏನು ಮಾಡಬಹುದಿತ್ತು?

ಆಗಸ್ಟ್ ಮೊದಲ ಭಾನುವಾರ ಅಟ್ಟದಲ್ಲಿ ಗೆದ್ದಲು ಬಂದಿದೆಯೇನೋ ನೋಡಲು ನಿನ್ನ ಪೆಟ್ಟಿಗೆಯನ್ನೂ ಇಳಿಸಿದೆವು. ತಳ ಸ್ವಲ್ಪ ಒದ್ದೆಯಾಗಿತ್ತು. ಒಳಗೆ ನೀರು ಹೋಗಿದೆಯಾ ಅಂತ ಅಮ್ಮನೇ ಬಿಚ್ಚಿದಳು. ಇದೇನಿದು ಅಂದಳು. ಗಿಟಾರ್, ಅಣ್ಣ ಬಂದು ಜೋಡಿಸ್ತಾನೆ, ಅಂದೆ. ಯಾವಾಗ ಬರೋದು? ಫೆಬ್ರವರಿಗೆ. ಮರುದಿನ ಮಧ್ಯಾಹ್ನ ಬಂದರೆ ಮೊರ ಗೋಡೆಗೆ ಒರಗಿಸಿತ್ತು, ಪೆಟ್ಟಿಗೆಯಲ್ಲಿದ್ದ ಅಷ್ಟೂ ಮರದ ತುಂಡುಗಳು ದುಪ್ಪಟಿಯ ಮೇಲೆ ಗಾತ್ರದ ಪ್ರಕಾರ ಸಾಲಾಗಿದ್ದವು. ಅದರಲ್ಲಿ ಒಂದು ಕಡ್ಡಿಯನ್ನು, ಮುಂದಿನ ಹಲಗೆಯ ಒಳಗೆ ಆಧಾರಕ್ಕೆ ಅಂಟಿಸುವಂಥದ್ದನ್ನು, ಬೇರೆ ಇಟ್ಟಿದ್ದಳು. ಇದು ಸೀಳಿದೆ ಕಣೆ, ಅಂದಳು. ನಾನು ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಮುಟ್ಟಿ ನೋಡು ಅಂದಳು, ಗೊತ್ತಾಗಲಿಲ್ಲ. ಕೊನೆಗೆ ಫೋನಿನ ಬೆಳಕು ಬಿಟ್ಟು ನೋಡಿದಾಗ ಕೂದಲಿನಂಥ ಗೆರೆ. ಫೋಟೊ ತೆಗೆದು ಕಂಪನಿಗೆ ಕಳಿಸಿದೆ, ಹತ್ತು ದಿನದಲ್ಲಿ ಹೊಸ ಕಡ್ಡಿ ಬಂತು. ನೀನೇ ಜೋಡಿಸಿದ್ದರೆ ಅದನ್ನು ನೋಡದೆ ಅಂಟಿಸಿಬಿಡುತ್ತಿದ್ದೆ, ಒಪ್ಪಿಕೋ.

ಆ ಹತ್ತು ದಿನ ಅಮ್ಮ ಅಕ್ಕಿ ಮುಟ್ಟಲಿಲ್ಲ. ಕಿಟ್‌ನ ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತಲ್ಲ, ಸಂಜೆ ನಾನು ಬಂದ ತಕ್ಷಣ ಅದನ್ನು ಓದಿ ಕನ್ನಡದಲ್ಲಿ ಹೇಳಬೇಕಿತ್ತು. ಒಂದೊಂದು ಪುಟವನ್ನೂ ಮೂರು ಮೂರು ಸಲ. ಒಬ್ಬ ಗಿಟಾರ್ ಜೋಡಿಸುವ ವಿಡಿಯೊ ತೋರಿಸಿದೆ, ಅವಳಿಗೆ ಹಿಡಿಸಲಿಲ್ಲ. ಅವ್ನಿಗೆ ಬರ್ತದೆ, ಅದಕ್ಕೇ ಹಂಗೆ ಬೇಗ ಬೇಗ ಮಾಡ್ತಾನೆ, ನಂಗೆ ಬರಲ್ವಲ್ಲ, ನೀನು ಓದು, ಅಂದಳು. ನಿನ್ನದನ್ನು ಮುಟ್ಟುವುದು ತಪ್ಪು ಅಂತ ನನಗೆ ಗೊತ್ತಿತ್ತು. ಬೇಡಮ್ಮ, ಅಣ್ಣನ ವಸ್ತು, ಅಂತ ಒಂದು ಸಲ ಹೇಳಿಯೂ ಹೇಳಿದೆ. ಅವಳು ಕೈಯಲ್ಲಿದ್ದದ್ದನ್ನು ಮೆಲ್ಲಗೆ ದುಪ್ಪಟಿಯ ಮೇಲಿಟ್ಟು ಎದ್ದು ಹೋದಳು. ಆ ಕ್ಷಣ ಅವಳ ಮುಖ ನೋಡಿದ್ದರೆ ನೀನೂ ನಾನು ಮಾಡಿದ್ದನ್ನೇ ಮಾಡುತ್ತಿದ್ದೆ. ಹಿಂದೆಯೇ ಹೋಗಿ ಕೈಹಿಡಿದು ಕರೆತಂದು ಕೂರಿಸಿದೆ, ಮುಂದಿನ ಪುಟ ಓದಿದೆ.

ಅಂಟಿಸಿದ ಮೇಲೆ ಬಿಗಿಹಿಡಿಯಲು ಕ್ಲ್ಯಾಂಪ್ ಬೇಕು ಅಂತ ಪುಸ್ತಕದಲ್ಲಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಲ್ಲ ರಿಪೇರಿ ಮಾಡುವ ಮೊಹಿದ್ದೀನ್ ಸಾಬ್ರ ಹತ್ತಿರ ಅಮ್ಮನೇ ಹೋಗಿ ನಾಲ್ಕು ಕ್ಲ್ಯಾಂಪ್ ಕೇಳಿ ತಂದಳು. ಜೊತೆಗೆ ಅವರು ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಪಟ್ಟಿಯಾಗಿ ಸೀಳಿ ಕೊಟ್ಟು, ಸುತ್ತಿ ಎಳೆದು ಕಟ್ಟಿ ಮುದ್ದಕ್ಕ, ಮರಕ್ಕೆ ಗಾಯ ಆಗಲ್ಲ, ಅಂದರಂತೆ. ಒಂದು ವಾರ ನಮ್ಮ ನಡುಮನೆಯಲ್ಲಿ ಕಪ್ಪು ಟ್ಯೂಬ್ ಸುತ್ತಿಕೊಂಡ ಗಿಟಾರು ಬ್ಯಾಂಡೇಜ್ ಹಾಕಿದ ರೋಗಿಯ ಹಾಗೆ ಮಲಗಿತ್ತು.

ಎಡವಟ್ಟಾದದ್ದು ಗಿಟಾರಿನ ಉದ್ದನೆಯ ಕತ್ತು ಕೂರಿಸುವಾಗ. ಅಂಟಿಸಿದ ಮರುದಿನ ಬೆಳಿಗ್ಗೆ ಅಮ್ಮ ಬೆರಳಾಡಿಸಿ, ಇದು ಓರೆಯಾಗಿದೆ, ಅಂದಳು. ದಾರ ಹಿಡಿದು ನೋಡಿದೆವು. ಹೌದು, ಒಂದು ಕಾಫಿ ಬೀಜದ ದಪ್ಪದಷ್ಟು ಎಡಕ್ಕೆ. ಯಾರಿಗೂ ಕಾಣಲ್ಲ ಬಿಡಮ್ಮ, ಅಂದೆ. ಅವಳಿಗೆ ಸಿಟ್ಟು ಬಂತು. ಕಾಣಲ್ಲ ಅಂತ ಬಿಟ್ಟಿದ್ರೆ ಇಪ್ಪತ್ತೇಳು ವರ್ಷ ನಂಗ್ಯಾರು ಕೆಲ್ಸ ಕೊಡ್ತಿದ್ರು? ಅಂದಳು. ಬಿಸಿ ಹಬೆ ಕೊಟ್ಟರೆ ಗೋಂದು ಸಡಿಲವಾಗುತ್ತದೆ ಅಂತ ನಾನು ಎಲ್ಲೋ ಓದಿ ಹೇಳಿದೆ. ಕುಕ್ಕರಿನ ವಿಶಲ್ ತೆಗೆದು ಅಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ, ಆ ಹಬೆಯನ್ನು ಸಂದಿಗೆ ಬಿಟ್ಟು, ತೆಳ್ಳನೆಯ ಚಾಕುವನ್ನು ಕೂದಲೆಳೆಯಷ್ಟೇ ಒಳಗೆ ಒಳಗೆ ತಳ್ಳುತ್ತಾ ಇಡೀ ಮಧ್ಯಾಹ್ನ ಕೂತಳು. ನನಗೆ ನೋಡಲಾಗದೆ ಅಂಗಳಕ್ಕೆ ಹೋಗಿ ನಿಂತೆ. ಚಟ್ ಅಂತ ಶಬ್ದ ಕೇಳಿ ಒಳಗೆ ಓಡಿದೆ. ಕತ್ತು ಬಂದಿತ್ತು. ಅದರ ಜೊತೆಗೇ ಮುಂದಿನ ಹಲಗೆಯ ಒಂದು ಚಕ್ಕೆಯೂ ಎದ್ದು ಬಂದಿತ್ತು. ಅಮ್ಮ ಚಾಕು ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಗು ಆಸೆಪಟ್ಟು ತರ್ಸಿದ್ದು, ಹಾಳು ಮಾಡಿಬಿಟ್ನಲ್ಲೇ, ಅಂದಳು. ಅಪ್ಪ ಹೋದ ಮೇಲೆ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಎಂಟು ದಿನ ಅದನ್ನು ಮುಟ್ಟಲಿಲ್ಲ. ಮೊರ ಮತ್ತೆ ಕೆಳಗೆ ಬಂತು. ನಾನು ನಿನಗೆ ಎರಡನೇ ಸಲ ಸುಳ್ಳು ಹೇಳಿದ್ದು ಆ ವಾರವೇ. ಒಂಬತ್ತನೇ ದಿನ ಮೊಹಿದ್ದೀನ್ ಸಾಬ್ರು ಕ್ಲ್ಯಾಂಪ್ ತೆಗೆದುಕೊಂಡು ಹೋಗಲು ಬಂದರು. ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ, ಕತ್ತು ಬಿಚ್ಚಿದ್ದು ಯಾರು ಅಂದರು. ಅಮ್ಮ ತಲೆ ತಗ್ಗಿಸಿ, ನಾನೇ ಅಂದಳು. ಅವರು ಅಲ್ಲೇ ಮಣೆಯ ಮೇಲೆ ಕೂತರು. ನಲ್ವತ್ತು ವರ್ಷದಿಂದ ಇಂಜಿನ್ ಬಿಚ್ತಿದೀನಿ ಮುದ್ದಕ್ಕ, ಇಷ್ಟು ನೀಟಾಗಿ ಬಿಚ್ಚೋನು ನನ್ ಗ್ಯಾರೇಜಲ್ಲಿ ಒಬ್ಬನೂ ಇಲ್ಲ, ಒಂದು ಚಕ್ಕೆಗೆ ಹಿಂಗೆ ಕೂತ್ರೆ ಹೆಂಗೆ? ಕ್ಲ್ಯಾಂಪ್ ಇಲ್ಲೇ ಇರ್ಲಿ, ಅಂದು ಕಾಫಿ ಕುಡಿದು ಎದ್ದು ಹೋದರು. ಅಮ್ಮ ಅವತ್ತೇ ಚಕ್ಕೆಯನ್ನು ಹುಡುಕಿ ತೆಗೆದಳು. ಒಂದು ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟಿದ್ದಳು! ಅದನ್ನು ಅಂಟಿಸಿ, ಎರಡು ದಿನ ಬಿಟ್ಟು ಸ್ಯಾಂಡ್ ಪೇಪರ್ ಹಾಕಿ ಉಜ್ಜಿದಳು. ಗುರುತು ಇದೆ, ನಿನ್ನಿಂದ ಮುಚ್ಚಿಡುವುದಿಲ್ಲ. ಕತ್ತು ಮಾತ್ರ ಈ ಸಲ ದಾರಕ್ಕೆ ಸರಿಯಾಗಿ ಕೂತಿತು.

ಮುಂದಿನದು ನಾನು ಬೆರಗಾಗಿ ನೋಡಿದ್ದೇ ಹೆಚ್ಚು. ಕತ್ತಿನ ಮೇಲೆ ಸಾಲಾಗಿ ಲೋಹದ ಕಂಬಿಗಳಿರುತ್ತವಲ್ಲ, ಫ್ರೆಟ್ ಅಂತ ನೀನು ಹೇಳುತ್ತಿದ್ದೆ, ಅವುಗಳ ತುದಿಯನ್ನು ಒಂದೊಂದಾಗಿ ಅರದಿಂದ ಉಜ್ಜುವುದು, ಕಣ್ಣು ಮುಚ್ಚಿ ಹೆಬ್ಬೆರಳು ಸವರುವುದು, ಮತ್ತೆ ಉಜ್ಜುವುದು. ಬೆಲ್ಟಿನ ಮೇಲೆ ಹರಿದು ಬರುವ ಬೀಜದಲ್ಲಿ ಒಂದು ಒಡಕನ್ನು ಹಿಡಿಯುತ್ತಿದ್ದ ಕೈ ಅದು. ಆ ಕೈಯನ್ನು ನಾವು ಅನ್ನ ಬಡಿಸುವಾಗ, ತಲೆಗೆ ಎಣ್ಣೆ ಹಚ್ಚುವಾಗ ಮಾತ್ರ ನೋಡಿದ್ದೆವು. ಅದು ಕೆಲಸ ಮಾಡುವುದನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ಅನ್ನಿಸಿ ನಾಚಿಕೆಯಾಯಿತು.

ತಂತಿ ಕಟ್ಟಲು ನಿನ್ನ ಕ್ಲಾಸ್‌ಮೇಟ್ ಧರ್ಮೇಶನನ್ನು ಕರೆಸಿದೆ. ಅತ್ತಿಗುಂಡಿಯ ಹೋಮ್‌ಸ್ಟೇನಲ್ಲಿ ಗೆಸ್ಟ್‌ಗಳಿಗೆ ಗಿಟಾರ್ ನುಡಿಸುತ್ತಾನಲ್ಲ, ಅವನೇ. ದಸರಾ ಮುಗಿದ ಮರುದಿನ ಬಂದ. ಬಂದವನು, ಆಂಟಿ ಮಾಡಿದ್ದಾ ಅಂತ ನಗುತ್ತಲೇ ತಂತಿ ಹಾಕಿದ. ಶ್ರುತಿ ಮಾಡುತ್ತಾ ಮಾಡುತ್ತಾ ಅವನ ನಗು ನಿಂತಿತು. ಅವನು ಮೊದಲ ಸಲ ಆರೂ ತಂತಿ ಮೀಟಿದಾಗ ಅಮ್ಮ ಗಿಟಾರಿನ ಬೆನ್ನಿಗೆ ಅಂಗೈ ಇಟ್ಟುಕೊಂಡಿದ್ದಳು. ಬೆಚ್ಚಿಬಿದ್ದು ಕೈ ತೆಗೆದಳು, ಮತ್ತೆ ಇಟ್ಟಳು. ಒಳಗೆಲ್ಲ ನಡುಗ್ತದಲ್ಲೋ, ಅಂದಳು. ಮೂರನೇ ಕಂಬಿಯ ಹತ್ತಿರ ಒಂದು ತಂತಿ ಸ್ವಲ್ಪ ಜುಂಯ್ ಅನ್ನುತ್ತಿತ್ತು, ಪರವಾಗಿಲ್ಲ ಆಂಟಿ, ಹೊಸದರಲ್ಲಿ ಹಾಗೇ, ಅಂದ ಧರ್ಮೇಶ. ಅಮ್ಮ ಬಿಡಲಿಲ್ಲ. ಇಪ್ಪತ್ತು ಸಲ ಅದನ್ನೇ ನುಡಿಸಲು ಹೇಳಿ, ಎಲ್ಲಿ ತಾಗುತ್ತದೆ ಅಂತ ಬೆರಳಿನಿಂದ ಹುಡುಕಿ, ಅಲ್ಲಿ ಮಾತ್ರ ಅರ ಆಡಿಸಿದಳು. ಜುಂಯ್ ನಿಂತಿತು. ಧರ್ಮೇಶ ನನ್ನ ಕಡೆ ತಿರುಗಿ, ಮಾರಾಯ್ತಿ, ನಾನು ನನ್ನ ಗಿಟಾರನ್ನ ಇದಕ್ಕೇ ಅಂತ ಮಂಗಳೂರಿಗೆ ತಗೊಂಡು ಹೋಗ್ತೀನಿ, ಅಂದ. ಆಮೇಲೆ ಎರಡು ಗಂಟೆ ನುಡಿಸಿದ. ಕ್ಯೂರಿಂಗಿನಲ್ಲಿ ಅಮ್ಮನ ಜೊತೆಗಿದ್ದ ಸಿದ್ದಗಂಗಮ್ಮ ಅದು ಹೇಗೋ ಸುದ್ದಿ ತಿಳಿದು ಮೂರು ಜನರನ್ನು ಕಟ್ಟಿಕೊಂಡು ಬಂದಳು. ಎಲ್ಲರೂ ಹಾಡು ಕೇಳುವ ಬದಲು ಗಿಟಾರಿನ ಅಂಚನ್ನೆಲ್ಲ ಸವರಿ ಸವರಿ ನೋಡಿದರು. ಒಂದು ಕಡೆಯೂ ತರಿ ಇಲ್ಲ ಮುದ್ದಮ್ಮ, ಅಂದಳು ಸಿದ್ದಗಂಗಮ್ಮ. ಅಮ್ಮ ಎಲ್ಲರಿಗೂ ಎರಡೆರಡು ಸಲ ಕಾಫಿ ಕೊಟ್ಟಳು, ಎರಡನೇ ಸಲ ಸಕ್ಕರೆ ಹಾಕುವುದನ್ನೇ ಮರೆತಿದ್ದಳು.

ಇಷ್ಟು, ಅಣ್ಣ. ನಾನು ಸುಳ್ಳು ಹೇಳಿದ್ದಕ್ಕೆ ನನಗೆ ಬೈ, ಅವಳಿಗೆ ಒಂದು ಮಾತೂ ಅನ್ನಬೇಡ. ನಿನ್ನ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿದ್ದಾಳೆ ಅಂತ ಬರಿ ಅಂದಿದ್ದಾಳೆ. ಹಸಿದಿರಬೇಡ, ಬೆಚ್ಚಗಿರು.

ನಿನ್ನ ತಂಗಿ,
ಸ್ವಾತಿ

ಮರೆತೆ: ಕವರು ಅಂಟಿಸಲು ಹೊರಟಿದ್ದೆ, ಅಮ್ಮ ಅಡುಗೆಮನೆಯಿಂದ ಬಂದು, ಅದನ್ನ ಬರ್ದೆಯಾ ಅಂತ ಕೇಳಿದಳು. ನಾಲ್ಕು ದಿನದಿಂದ ಹೇಳುತ್ತಿದ್ದಾಳೆ, ನನಗೇ ಬರೆಯಲು ಧೈರ್ಯ ಬಂದಿರಲಿಲ್ಲ. ಅವಳ ಮಾತಿನಲ್ಲೇ ಬರೆಯುತ್ತೇನೆ: ಇದು ನಂಗೇ ಇರ್ಲಿ ಅಂದ್ರೆ ಪ್ರಸಾದ ಬೇಜಾರು ಮಾಡ್ಕೊತಾನಾ ಕೇಳು. ಬೇಕಾದರೆ ನೀನು ಇನ್ನೊಂದು ಕಿಟ್ ತರಿಸಬೇಕಂತೆ, ಫೆಬ್ರವರಿಯಲ್ಲಿ ನೀನು ಜೋಡಿಸುವಾಗ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳಂತೆ. ಧರ್ಮೇಶ ವಾರಕ್ಕೊಂದು ದಿನ ಬಂದು ಅವಳಿಗೆ ನುಡಿಸಲು ಕಲಿಸುತ್ತೇನೆ ಅಂದಿದ್ದಾನೆ, ನಿನ್ನೆ ಮೊದಲ ಪಾಠ ಆಯಿತು. ಅಣ್ಣ, ನಮ್ಮಮ್ಮ ಒಂದು ವಸ್ತುವನ್ನು ತೋರಿಸಿ ನಂಗಿರಲಿ ಅಂದದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ? ನಾನು ಕೇಳಿಲ್ಲ. ಉತ್ತರವನ್ನು ನನಗೆ ಬರೆಯಬೇಡ, ಅವಳ ಹೆಸರಿಗೇ ಬರಿ. ದೊಡ್ಡ ಅಕ್ಷರದಲ್ಲಿ ಬರಿ, ಅವಳೇ ಓದಿಕೊಳ್ಳಲಿ.