ಮದುವೆಗೆ ಹೋಗಿದ್ದೇವೆ

ಶುಕ್ರವಾರ ಬೆಳಿಗ್ಗೆ,
ಅಮ್ಮನ ಪಾರ್ಲರಿನ ವರಾಂಡ

ಕೋಪ ಮಾಡಿಕೊಂಡಿರುವ ಅಪ್ಪನಿಗೆ, ಅಷ್ಟೇ ಕೋಪದ ಮಗಳ ನಮಸ್ಕಾರಗಳು.

ನಿಮ್ಮ ಅಂಗಡಿಯ ಶಟರಿಗೆ ಕರಪತ್ರ ಅಂಟಿಸಿದವಳು ನಾನೇ. ‘ಕಷ್ಟ ಬಂದಾಗ ಹೆಂಗಸು ಬಾಗಿಲು ತೆರೆಯುತ್ತಾಳೆ, ಗಂಡಸು ಮುಚ್ಚಿಕೊಳ್ಳುತ್ತಾನೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಬರೆದದ್ದು ಸುಳ್ಳಲ್ಲ. ಬೇರೆಯಾದ ಆರು ವರ್ಷಗಳಲ್ಲಿ ನೀವೂ ಅಮ್ಮನೂ ಹಂಚಿಕೊಂಡದ್ದು ಎರಡು ಅಂಗಡಿಗಳ ನಡುಗೋಡೆಯೊಂದನ್ನೇ. ಅದರೊಳಗಿನ ಕರೆಂಟಿನ ತಂತಿಗೆ ಬೆಂಕಿ ಹತ್ತಿ ಅಮ್ಮನ ಪಾರ್ಲರೂ ನಿಮ್ಮ ಕ್ಷೌರದಂಗಡಿಯೂ ಒಟ್ಟಿಗೇ ಕರಕಲಾದವು. ಮರುದಿನವೇ ಅಮ್ಮ ಬೀದಿಗಿಳಿದು, “ಎಲ್ಲಾ ಸುಟ್ಟೋಯ್ತು ಕಣ್ರೀ, ಮನೇಲಿ ಕುರ್ಚಿ ಇದ್ರೆ ಕೊಡಿ” ಎಂದು ಅತ್ತಳು, ಕೇಳಿದಳು, ವರಾಂಡದಲ್ಲೇ ಕತ್ತರಿ ಹಿಡಿದಳು. ನೀವು ‘ಮದುವೆಗೆ ಹೋಗಿದ್ದೇವೆ’ ಎಂಬ ಬೋರ್ಡು ತೂಗುಹಾಕಿ ಒಳಗೆ ಕೂತಿರಿ. ಮೂರು ವಾರ! ಎದುರಿನ ದರ್ಜಿ ನನ್ನನ್ನು ತಡೆದು, “ಯಾರದ್ದಮ್ಮಾ ಇಷ್ಟುದ್ದದ ಮದುವೆ? ನಿಮ್ಮಪ್ಪಂದೇನಾ?” ಎಂದ. ನಕ್ಕೆ, ಆಮೇಲೆ ಹೋಗಿ ಆ ಕರಪತ್ರ ಬರೆದೆ.

ನಿನ್ನೆ ಎರಡನೇ ಕರಪತ್ರ ಅಂಟಿಸಲು ಬಂದಿದ್ದೆ. ಶಟರಿನ ಒಳಗಿನಿಂದ ಕಚಕಚ ಸದ್ದು. ಸಂದಿಯಲ್ಲಿ ಇಣುಕಿದರೆ ಗಿರಾಕಿಯಿಲ್ಲ, ಕೂದಲಿಲ್ಲ, ಬರಿಗಾಳಿಯನ್ನು ಕತ್ತರಿಸುತ್ತಿದ್ದಿರಿ. ಅಂಟಿನ ಡಬ್ಬಿ ಹಿಡಿದು ಹಾಗೇ ನಿಂತುಬಿಟ್ಟೆ. ಅಮ್ಮನನ್ನು ಹತ್ತು ಜನ ತಬ್ಬಿಕೊಂಡರು. ನಿಮ್ಮನ್ನು ಹೇಗಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದುಕೊಂಡರು. ನಾನೂ ಕೇಳಲಿಲ್ಲ, ಕರಪತ್ರ ಅಂಟಿಸಿದೆ. ನಾನು ಓದಿದ ಪುಸ್ತಿಕೆಗಳಲ್ಲಿ ಗಂಡಸಿನ ಅಹಂಕಾರದ ಬಗ್ಗೆ ಪುಟಗಟ್ಟಲೆ ಇತ್ತು. ಈ ಸದ್ದಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸೋಮವಾರ ಅಂಗಡಿಯ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿ ಕಸುಬೇ ಬಿಡುತ್ತೀರಂತೆ. ಬೇಡ ಅಪ್ಪ. ನಿಮ್ಮ ಗಿರಾಕಿಗಳನ್ನು ಒಮ್ಮೆ ಇಣುಕಿ ನೋಡಿ. ಅಂಚೆಯವರು, ಗಣಿತದ ಮೇಷ್ಟ್ರು, ಆ ಕೊಂಕು ಬಾಯಿಯ ದರ್ಜಿ ಕೂಡ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದಾರೆ. ಯಾರೂ ಬೇರೆ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಬಾಯಿಬಿಟ್ಟು ಹೇಳಲಾರರು, ಥೇಟ್ ನಿಮ್ಮ ಹಾಗೆಯೇ.

ನನ್ನ ಕರಪತ್ರವನ್ನು ಕಿತ್ತಿದ್ದೇನೆ. ಬೋರ್ಡನ್ನು ನೀವೇ ಕೀಳಬೇಕು.

ಹೇಗಿದ್ದೀರಿ?

ಇಂತಿ,
ನಿಮ್ಮ ಬಾಯಿಬಡುಕಿ

ಅಮ್ಮ ಹೇಳಬೇಡ ಎಂದದ್ದನ್ನು ಹೇಳುತ್ತಿದ್ದೇನೆ: ಅವಳು ಹನ್ನೊಂದು ಮನೆಗಳಲ್ಲಿ ಕುರ್ಚಿ ಕೇಳಿದಳು, ಪಕ್ಕದ ನಿಮ್ಮ ಬಾಗಿಲಲ್ಲಿ ಮಾತ್ರ ಕೇಳಲಿಲ್ಲ. ಯಾಕಮ್ಮಾ ಎಂದರೆ “ನೀನು ಸುಮ್ನಿರೇ” ಎಂದು ಬೆನ್ನು ತಿರುಗಿಸಿದಳು. ಆದರೆ ವರಾಂಡದ ಎಡಮೂಲೆಯಲ್ಲಿ, ಸುಡದೆ ಉಳಿದ ನಿಮ್ಮ ಕಬ್ಬಿಣದ ತಿರುಗುಕುರ್ಚಿ ಹಿಡಿಯುವಷ್ಟು ಜಾಗವನ್ನು ದಿನವೂ ಗುಡಿಸಿ ಖಾಲಿ ಬಿಡುತ್ತಾಳೆ.